ಎಪ್ಪತ್ತೆರಡರಲ್ಲೊಂದು

ದೊಡ್ಡ ವಸ್ತುವನ್ನು ಕಟ್ಟುವುದು ಕಷ್ಟ, ಅದನ್ನೇ ಸಣ್ಣದಾಗಿ ಕಟ್ಟುವುದು ಸುಲಭ ಎಂಬ ಭಾವನೆಯು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ದೇವಸ್ಥಾನವನ್ನು ಕಟ್ಟಿದವನಿಗೆ ಸ್ಥಪತಿಯೆಂಬ ಗೌರವವುಂಟು. ಅದೇ ದೇವಸ್ಥಾನವನ್ನು ಬೆಂಡಿನಿಂದ ಮಾಡಿ ದಸರೆಯ ಬೊಂಬೆಗಳ ಸಾಲಿನಲ್ಲಿ ಇಟ್ಟವನನ್ನು "ಪಾಪ, ಹೊತ್ತು ಹೋಗದೆ ಮಾಡಿದ್ದಾನೆ" ಎಂದು ಜನರು ಕನಿಕರದಿಂದ ಕಾಣುವರು. ವಾಚಕ ಮಹಾಶಯರಲ್ಲಿ ಯಾರಿಗಾದರೂ ಈ ಭಾವನೆಯಿದ್ದರೆ, ಅವರು ಒಂದು ವಿಮಾನದ ಸಣ್ಣ ಮಾದರಿಯನ್ನು ಅಳತೆಗೆ ಸರಿಯಾಗಿ ಕಟ್ಟಿ, ಬೇರೆ ಎಂಟು ಮಂದಿಯ ಮಾದರಿಗಳ ನಡುವೆ ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕೆಂದು ನಮ್ಮ ವಿಜ್ಞಾಪನೆ. ವಸ್ತುವು ಚಿಕ್ಕದಾದ ಮಾತ್ರಕ್ಕೆ ಅದರ ತೊಂದರೆಗಳು ಚಿಕ್ಕವಾಗುವುದಿಲ್ಲ. ವಿಮಾನವನ್ನು ಎಪ್ಪತ್ತೆರಡರಲ್ಲೊಂದು ಪಾಲಿಗೆ ಇಳಿಸಬಹುದು. ಕಟ್ಟುವವನ ಬೆರಳುಗಳನ್ನಾಗಲಿ, ಗಾಳಿಯಲ್ಲಿ ತೇಲುವ ಧೂಳನ್ನಾಗಲಿ, ಪ್ರದರ್ಶನಕ್ಕೆಂದು ಗೊತ್ತುಮಾಡಿದ ದಿನವನ್ನಾಗಲಿ ಹಾಗೆ ಇಳಿಸಲು ಬರುವುದಿಲ್ಲ.

ನಾವು ಮೂವತ್ತಮೂರು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟು ವಿಶ್ರಾಂತಿ ಪಡೆದವರು. ಶಬ್ದ, ಧಾತು, ಸಮಾಸಗಳೊಡನೆ ಬಾಳಿದವರಿಗೆ ಅಂಟು, ಅರ, ಉಪ್ಪುಕಾಗದಗಳ ಸಹವಾಸವು ಹೇಗೆ ಒದಗಿತೆಂದು ಕೇಳುವುದು ಸಹಜ. ಬೆಂಗಳೂರಿನ ಪೂರ್ವಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ಮಾದರಿಗಳನ್ನು ಕಟ್ಟುವವರ ಒಂದು ಚಿಕ್ಕ ಕೂಟವುಂಟು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ದಂತವೈದ್ಯರೊಬ್ಬರು, ಕಾಲೇಜಿನ ಹುಡುಗರು, ಮಗನು ಅರ್ಧಕ್ಕೆ ಬಿಟ್ಟ ಪೆಟ್ಟಿಗೆಗಳನ್ನೆಲ್ಲ ತಾವೇ ಮುಗಿಸುತ್ತ ಆ ಕೆಲಸದಲ್ಲಿ ನಿಪುಣೆಯಾದ ಗೃಹಿಣಿಯೊಬ್ಬರು, ಹೀಗೆ ಒಟ್ಟು ಒಂಬತ್ತು ಮಂದಿ. ಕೂಟದವರು ಕಳೆದ ಜೂನ್ ತಿಂಗಳಲ್ಲಿ ಸೇರಿ, ನಮ್ಮೂರಿನಲ್ಲಿ ರೂಪುಗೊಂಡ ವಿಮಾನಗಳನ್ನೆಲ್ಲ ಒಂದೇ ಅಳತೆಯಲ್ಲಿ ಕಟ್ಟಿ, ನವೆಂಬರ್ ತಿಂಗಳ ಮೊದಲ ಭಾನುವಾರ ಬಡಾವಣೆಯ ಶಾಲೆಯ ಸಭಾಂಗಣದಲ್ಲಿ ಪ್ರದರ್ಶಿಸಬೇಕೆಂದು ನಿಶ್ಚಯಿಸಿದರು.

ವಿಷಯವು ಯೋಗ್ಯವಾದುದೇ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾಕ್ಟರ್ ಘಾಟಗೆಯವರು ರೂಪಿಸಿದ ಎಚ್.ಟಿ.-2 ಎಂಬ ಶಿಕ್ಷಣವಿಮಾನವು 1951ರಲ್ಲಿ ಮೊದಲು ಹಾರಿತು. ಆಮೇಲೆ ಬಂದವುಗಳ ಹೆಸರುಗಳೇ ನಮ್ಮನ್ನು ಕೂಟದೊಳಕ್ಕೆ ಎಳೆದುವು: 1958ರಲ್ಲಿ ಪುಷ್ಪಕ, 1959ರಲ್ಲಿ ಕೃಷಕ, 1961ರಲ್ಲಿ ಮರುತ್ತು, 1964ರಲ್ಲಿ ಕಿರಣ, 1972ರಲ್ಲಿ ಬಸಂತ, ಆಮೇಲೆ ಅಜೀತ, 1992ರಲ್ಲಿ ಧ್ರುವವೆಂಬ ಹೆಲಿಕಾಪ್ಟರು, 2001ರಲ್ಲಿ ತೇಜಸ್ಸು. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಇದಕ್ಕಿಂತ ಪ್ರಿಯವಾದ ಪಟ್ಟಿ ಯಾವುದಿದೆ? 'ಅಜಿತ'ವೆಂಬುದನ್ನು ಎಳೆದು ಅಜೀತವೆಂದು ಮಾಡಿರುವುದು ವ್ಯಾಕರಣಕ್ಕೆ ಒಪ್ಪುವುದಿಲ್ಲ. ಆದರೆ ಯುದ್ಧವಿಮಾನದ ಎದುರಿಗೆ ನಿಂತು ಹ್ರಸ್ವದೀರ್ಘಗಳ ವಿಚಾರವನ್ನು ಎತ್ತುವ ಧೈರ್ಯ ಯಾರಿಗಿದೆ?

ಒಂಬತ್ತು ವಿಮಾನ, ಒಂಬತ್ತು ಮಂದಿ. ನಮ್ಮ ಪಾಲಿಗೆ ಬಂದದ್ದು ಮರುತ್ತು. ಬಂದದ್ದು ಎನ್ನುವುದಕ್ಕಿಂತ ಕೇಳಿ ಪಡೆದದ್ದು ಎಂದರೆ ಸರಿ. ನಮ್ಮ ನೆರೆಮನೆಯ ಹಿರಿಯರು 1969ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾರ್ಖಾನೆಗೆ ಫಿಟ್ಟರಾಗಿ ಸೇರಿ ಮರುತ್ತಿನ ರೆಕ್ಕೆಗಳನ್ನು ಜೋಡಿಸುವ ಕೆಲಸದಲ್ಲಿದ್ದವರು. ಅವರ ಕೈಗಳು ಈಗ ನಡುಗುತ್ತವೆ. ಕಣ್ಣಿನ ದೃಷ್ಟಿಯೂ ಮಬ್ಬಾಗುತ್ತಿದೆ. ವರ್ಷದ ಕೊನೆಗೆ ಪುಣೆಯಲ್ಲಿರುವ ಮಗಳ ಮನೆಗೆ ಹೊರಟುಹೋಗುವವರಿದ್ದರು. "ನಿಜವಾದದ್ದನ್ನು ಜೋಡಿಸಿದ ಕೈ ಮೇಷ್ಟ್ರೇ, ಈ ಬೊಂಬೆಯದನ್ನು ಜೋಡಿಸಲಾರದು. ನೀವು ಮಾಡಿ. ಕಣ್ಣು ಕಾಣುವಾಗಲೇ ನೋಡಿಬಿಡುತ್ತೇನೆ" ಎಂದರು. ಈ ಮಾತಿನ ಮೇಲೆ ನವೆಂಬರಿನ ಆ ಭಾನುವಾರವು ನಮಗೆ ಬರಿಯ ದಿನಾಂಕವಾಗಿ ಉಳಿಯಲಿಲ್ಲ.

ಗುಂಪಿನ ಪ್ರದರ್ಶನದಲ್ಲಿ ಮೊದಲ ಜಗಳವು ಅಳತೆಯದು. ನಾವೆಲ್ಲರೂ 1:72ನ್ನು ಒಪ್ಪಿಕೊಂಡಿದ್ದೆವು. ಆರು ಅಡಿಯ ಮನುಷ್ಯನನ್ನು ಒಂದು ಅಂಗುಲಕ್ಕೆ ಇಳಿಸಿದರೆ ಬರುವ ಪ್ರಮಾಣವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆಯು ಶಾಲೆಯ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿದುದೂ ಇದೇ ಪ್ರಮಾಣದಲ್ಲಿ. ವಿಮಾನವು ಯಾವುದೆಂದು ದೂರದಿಂದಲೇ ಗುರುತಿಸುವ ಅಭ್ಯಾಸಕ್ಕಾಗಿ ಅವು ಬೇಕಾಗಿದ್ದುವು. ಹತ್ತು ಮೀಟರು ದೂರದಲ್ಲಿಟ್ಟ ಮಾದರಿಯು ಏಳುನೂರಿಪ್ಪತ್ತು ಮೀಟರು ದೂರದ ನಿಜವಾದ ವಿಮಾನದಂತೆಯೇ ಕಾಣುವುದು. ಆದರೆ ತೇಜಸ್ಸಿನ ಪಾಲಿನ ಹುಡುಗನು ಉತ್ಸಾಹದಿಂದ 1:48ರ ಮಾದರಿಯೊಂದನ್ನು ಬಹು ಅಂದವಾಗಿ ಮುಗಿಸಿ ತಂದುಬಿಟ್ಟನು. ನಿಜವಾದ ತೇಜಸ್ಸು 13 ಮೀಟರಿಗೆ ಸ್ವಲ್ಪ ಹೆಚ್ಚು, ಮರುತ್ತು ಸುಮಾರು 16 ಮೀಟರು. ಅವನು ತಂದ ತೇಜಸ್ಸು 27 ಸೆಂಟಿಮೀಟರಿಗೂ ಉದ್ದ, ನಮ್ಮ ಮರುತ್ತು 22. ಎರಡನ್ನೂ ಒಂದೇ ಮೇಜಿನಲ್ಲಿಟ್ಟರೆ ತಮ್ಮನು ಅಣ್ಣನ ತಲೆಯ ಮೇಲೆ ನಿಂತಂತಾಗುವುದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸತ್ಯ, ಒಟ್ಟಿಗಿಟ್ಟರೆ ಸುಳ್ಳು. ಇದನ್ನು ಅವನಿಗೆ ತಿಳಿಸುವ ಭಾರವು ಮೇಷ್ಟರೆಂಬ ಕಾರಣದಿಂದ ನಮ್ಮ ಮೇಲೆಯೇ ಬಿದ್ದಿತು. ಹುಡುಗನು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಸರಿಯಾದ ಅಳತೆಯ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದನು.

ಇನ್ನು ನಮ್ಮ ಪೆಟ್ಟಿಗೆಯ ವಿಚಾರ. ದಿತಿಯ ಗರ್ಭವನ್ನು ಇಂದ್ರನು ವಜ್ರಾಯುಧದಿಂದ ಏಳು ತುಂಡುಮಾಡಿ, ಒಂದೊಂದನ್ನೂ ಮತ್ತೆ ಏಳಾಗಿ ಕತ್ತರಿಸಿದನೆಂದೂ, ಅಳುತ್ತಿದ್ದ ಆ ನಲವತ್ತೊಂಬತ್ತು ತುಂಡುಗಳನ್ನು ನೋಡಿ ಅಳಬೇಡಿರೆಂದು ಹೇಳಿದುದರಿಂದ ಅವುಗಳಿಗೆ ಮರುತ್ತುಗಳೆಂಬ ಹೆಸರಾಯಿತೆಂದೂ ಪುರಾಣಗಳಲ್ಲಿ ಕಥೆಯುಂಟು. ಹೊರದೇಶದ ಸಣ್ಣ ಕಾರ್ಖಾನೆಯೊಂದರಿಂದ ತರಿಸಿದ ನಮ್ಮ ಪೆಟ್ಟಿಗೆಯಲ್ಲಿದ್ದ ತುಂಡುಗಳು ಐವತ್ತೆರಡು. ಪುರಾಣಕ್ಕಿಂತ ಮೂರು ಹೆಚ್ಚು. ಆ ಮರುತ್ತುಗಳಿಗೆ ತಾವಾಗಿಯೇ ಜೀವ ಬಂದಿತು. ಇವುಗಳನ್ನು ನಾವು ಕೂಡಿಸಬೇಕಾಗಿತ್ತು. ಆದುದರಿಂದ ಅಳಬೇಡವೆಂದು ಸಮಾಧಾನ ಹೇಳಬೇಕಾಗಿದ್ದುದು ತುಂಡುಗಳಿಗಲ್ಲ.

ಹೆಚ್ಚಾಗಿ ಮಾರಾಟವಾಗುವ ವಿಮಾನಗಳ ಮಾದರಿಗಳಿಗೆ ಉಕ್ಕಿನ ನುಣುಪಾದ ಅಚ್ಚುಗಳಿರುತ್ತವೆ. ಅವುಗಳ ತುಂಡುಗಳು ಒಂದಕ್ಕೊಂದು ಗೂಟ ಮತ್ತು ಗುಳಿಗಳಿಂದ ಸರಿಯಾಗಿ ಕೂಡಿಕೊಳ್ಳುವುವು. ಮರುತ್ತಿನಂತಹ ಅಪರೂಪದ ವಿಮಾನಕ್ಕೆ ಕೊಳ್ಳುವವರು ಕಡಿಮೆಯಾದುದರಿಂದ ಅಚ್ಚೂ ಅಗ್ಗದ್ದು. ಗೂಟವಿಲ್ಲ, ಗುಳಿಯಿಲ್ಲ, ತುಂಡುಗಳ ಅಂಚಿನಲ್ಲೆಲ್ಲ ಅಚ್ಚಿನ ಸಂದಿನಿಂದ ಹೊರಚೆಲ್ಲಿದ ತೆಳುವಾದ ಪೊರೆ. ಒಡಲಿನ ಎರಡು ಹೋಳುಗಳನ್ನು ಎದುರೆದುರಾಗಿ ಹಿಡಿದರೆ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದ.

ಕೂದಲೆಳೆ ಎಂದರೆ ವಾಚಕರು ನಗಬಾರದು. ಈ ಲೋಕದಲ್ಲಿ ಎಲ್ಲವನ್ನೂ ಎಪ್ಪತ್ತೆರಡರಿಂದ ಗುಣಿಸಿ ನೋಡಬೇಕು. ಒಡಲಿನ ಸಂದಿನಲ್ಲಿ ಅರ್ಧ ಮಿಲಿಮೀಟರಿನ ಬಿರುಕು ಉಳಿದರೆ, ನಿಜವಾದ ವಿಮಾನದಲ್ಲಿ ಮೂರೂವರೆ ಸೆಂಟಿಮೀಟರಿಗೆ ಮೀರಿದ ಬಿರುಕು. ಅದರೊಳಗೆ ಎರಡು ಬೆರಳು ತೂರಿಸಬಹುದು. ರೆಕ್ಕೆಯ ಹಿಂಬದಿಯು ಕತ್ತಿಯ ಅಲಗಿನಂತೆ ತೆಳುವಾಗಿರಬೇಕು. ಪೆಟ್ಟಿಗೆಯಲ್ಲಿ ಬಂದದ್ದು ಒಂದು ಮಿಲಿಮೀಟರು ದಪ್ಪ, ಎಂದರೆ ಏಳು ಸೆಂಟಿಮೀಟರಿನ ಹಲಗೆ. ಹಸಿಬಣ್ಣದ ಮೇಲೆ ಬಿದ್ದ ತಲೆಗೂದಲೊಂದು ಬಟ್ಟೆ ಒಣಗಹಾಕುವ ಹಗ್ಗದಷ್ಟು ದಪ್ಪವಾಗುವುದು. ಉದ್ದವು 72ರಲ್ಲೊಂದು ಪಾಲಾದರೆ ಮೈಯ ವಿಸ್ತೀರ್ಣವು 5,184ರಲ್ಲೊಂದು ಪಾಲು, ಗಾತ್ರವು 3,73,248ರಲ್ಲೊಂದು ಪಾಲು. ಸುಮಾರು 6,200 ಕಿಲೋಗ್ರಾಂ ತೂಗುವ ಬರಿದಾದ ಮರುತ್ತು ಈ ಲೆಕ್ಕದಲ್ಲಿ ಹದಿನೇಳು ಗ್ರಾಮಿಗೂ ಕಡಿಮೆಯಾಗಬೇಕು. ಆದರೆ ಮೂರು ಚಕ್ರಗಳ ಮೇಲೆ ನಿಲ್ಲಿಸಿದ ಮಾದರಿಯು ಬಾಲವನ್ನು ನೆಲಕ್ಕೂರಿ ಕುಳಿತುಬಿಡದಂತೆ ಅದರ ಮೂತಿಯೊಳಗೆ ತುಂಬಿದ ಸೀಸದ ಗುಂಡುಗಳೇ ಹತ್ತು ಗ್ರಾಮಾದುವು. ಹೀಗೆ ಗಣಿತವು ಒಂದು ಕಡೆಗೆ ಎಳೆದರೆ ಭೂಮಿಯು ಇನ್ನೊಂದು ಕಡೆಗೆ ಎಳೆಯುವುದು.

ಮರುತ್ತಿಗೆ ನಡುವು ಸಣ್ಣ. ಇದು ಅಲಂಕಾರಕ್ಕಾಗಿ ಮಾಡಿದುದಲ್ಲ. ಶಬ್ದದ ವೇಗವನ್ನು ಸಮೀಪಿಸುವಾಗ ಗಾಳಿಯು ಒಡ್ಡುವ ತಡೆಯು, ಮೂತಿಯಿಂದ ಬಾಲದವರೆಗೆ ವಿಮಾನದ ಅಡ್ಡಕೊಯ್ತದ ವಿಸ್ತೀರ್ಣವು ಹೇಗೆ ಏರಿ ಇಳಿಯುವುದೆಂಬುದನ್ನು ಅನುಸರಿಸಿರುತ್ತದೆ. ರೆಕ್ಕೆಗಳು ಕೂಡುವ ಕಡೆ ಅದು ಒಮ್ಮೆಗೇ ಹೆಚ್ಚಬಾರದೆಂದು ಅಲ್ಲಿ ಒಡಲನ್ನು ಕಿರಿದುಮಾಡುವರು. ಕವಿಗಳು ಬಡನಡುವೆಂದು ಹೊಗಳಿದುದನ್ನು ನಾವು ಎಷ್ಟೋ ತರಗತಿಗಳಿಗೆ ವಿವರಿಸಿದ್ದೇವೆ. ಅದರಿಂದಾಗುವ ಕಷ್ಟವು ತಿಳಿದದ್ದು ಈಗ. ಹೋಳುಗಳು ಕೂಡದೆ ಬಿರುಕು ಬಿಟ್ಟದ್ದು ಸರಿಯಾಗಿ ಆ ನಡುವಿನಲ್ಲಿಯೇ. ಪುಟ್ಟಿಯನ್ನು ಮೆತ್ತಿದರೆ ನಡುವು ದಪ್ಪವಾಗುವುದು. ಉಜ್ಜಿದರೆ ಪುಟ್ಟಿಯೊಡನೆ ಪ್ಲಾಸ್ಟಿಕ್ಕೂ ಸವೆಯುವುದು. ಸರಿಹೋಯಿತೆಂದು ಮಲಗಿದರೆ ಪುಟ್ಟಿಯು ರಾತ್ರಿಯಲ್ಲಿ ಒಣಗಿ ಕುಗ್ಗಿ, ಬೆಳಿಗ್ಗೆ ಬಿರುಕು ಮತ್ತೆ ಬಾಯಿ ತೆರೆದಿರುವುದು. ಆಷಾಢದ ಜಡಿಮಳೆಯಲ್ಲಿ ಈ ಒಂದು ಸಂದಿಗಾಗಿಯೇ ಹನ್ನೊಂದು ದಿನಗಳು ಕಳೆದುವು.

ನಡುವು ಮುಗಿಯುವ ಹೊತ್ತಿಗೆ ನೆರೆಮನೆಯವರು ಒಂದು ಸಂಜೆ ಬಂದು, ರೆಕ್ಕೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. "ಇದೇನು, ಗಂಟುಗಂಟಾಗಿದೆಯಲ್ಲ?" ಎಂದರು. ಅಚ್ಚು ಮಾಡಿದವರು ರಿವೆಟ್ಟುಗಳ ಸಾಲನ್ನು ಉಬ್ಬಿಸಿ ತೋರಿಸಿದ್ದರು. ಒಂದೊಂದು ಉಬ್ಬೂ ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ಕಡಿಮೆಯೇ. ಆದರೆ ಎಪ್ಪತ್ತೆರಡರಿಂದ ಗುಣಿಸಿದರೆ ಒಂದು ರೂಪಾಯಿಯ ನಾಣ್ಯದಷ್ಟು. "ನಾವು ಹೊಡೆದ ರಿವೆಟ್ಟಿನ ತಲೆ ತಗಡಿನೊಳಗೇ ಕುಳಿತಿರಬೇಕು ಮೇಷ್ಟ್ರೇ. ಕಣ್ಣು ಮುಚ್ಚಿ ಸವರಿದರೆ ಬೆರಳಿಗೆ ತಿಳಿಯಕೂಡದು. ತಿಳಿದರೆ ತಪಾಸಣೆಯವರು ಬಿಡುತ್ತಿರಲಿಲ್ಲ" ಎಂದರು. ವೇಗವಾಗಿ ಹಾರುವ ವಿಮಾನದ ಮೈಯಲ್ಲಿ ಉಬ್ಬು ಇರಕೂಡದೆಂಬುದು ಯುಕ್ತಿಗೂ ಒಪ್ಪುವ ಮಾತು. ಎರಡು ರೆಕ್ಕೆಗಳ ಮೇಲೆಯೂ ಕೆಳಗೆಯೂ ಇದ್ದ ಉಬ್ಬುಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತೆಗೆದೆವು. ಅವುಗಳೊಡನೆ ತಗಡುಗಳ ಸಂದನ್ನು ತೋರಿಸುವ ಗೆರೆಗಳೂ ಅಳಿಸಿಹೋದುವು. ಅವನ್ನು ಮನೆಯಾಕೆಯ ಹೊಲಿಗೆಯ ಸೂಜಿಯಿಂದ ಒಂದೊಂದಾಗಿ ಮತ್ತೆ ಕೊರೆಯಬೇಕಾಯಿತು.

ಮನೆಯಾಕೆಯ ಹೆಸರು ಬಂದಿತು. ಅವರ ಉಪಕಾರವನ್ನು ಹೇಳದಿದ್ದರೆ ಕೃತಘ್ನತೆಯಾಗುವುದು. ಮುಂದಿನ ಚಕ್ರದ ಬಾಗಿಲೆಂಬುದು ಜೀರಿಗೆಯ ಕಾಳಿಗಿಂತ ತುಸು ದೊಡ್ಡದು. ಚಿಮಟದಿಂದ ಹಿಡಿದೊಡನೆ ಅದು ಚಿಮ್ಮಿ ಅದೃಶ್ಯವಾಯಿತು. ನೆಲದ ಮೇಲೆ ಮೊಣಕಾಲೂರಿ ದೀಪ ಹಿಡಿದು ಒಂದು ಗಂಟೆಯ ಕಾಲ ಹುಡುಕಿದುದು ವ್ಯರ್ಥವಾಯಿತು. "ಏಳಿ, ಮೊಣಕಾಲು ಹಿಡಿದುಕೊಂಡರೆ ಆಮೇಲೆ ನಾನೇ ಎಣ್ಣೆ ತಿಕ್ಕಬೇಕು" ಎಂದು ನಮ್ಮನ್ನು ಎಬ್ಬಿಸಿ, ಅವರು ಇಡೀ ಕೋಣೆಯನ್ನು ಮೃದುವಾದ ಪೊರಕೆಯಿಂದ ಗುಡಿಸಿ, ಆ ಕಸವನ್ನು ಹಳೆಯ ಟೀ ಸೋಸುವ ಜರಡಿಯಲ್ಲಿ ಹಾಕಿ ಅಲ್ಲಾಡಿಸಿದರು. ಧೂಳು ಇಳಿದುಹೋಗಿ, ಎರಡು ಅಕ್ಕಿಕಾಳು, ಒಂದು ಗುಂಡಿ, ಮರುತ್ತಿನ ಬಾಗಿಲು ಇವಿಷ್ಟು ಉಳಿದುವು. ಊಟದ ಮೇಜನ್ನು ನಾಲ್ಕು ತಿಂಗಳು ಆಕ್ರಮಿಸಿದ್ದಕ್ಕೆ ಅವರು ಹೇಳಿದುದೂ ಒಂದೇ ಮಾತು: "ನಿಜವಾದ ವಿಮಾನ ಕಟ್ಟಿದವರ ಹೆಂಡತಿಯರಿಗೆ ಇಷ್ಟು ತೊಂದರೆ ಇರಲಿಲ್ಲ. ಅವರು ಕಾರ್ಖಾನೆಯಲ್ಲಿ ಕಟ್ಟುತ್ತಿದ್ದರು."

ಚಾಲಕನ ಪೀಠದ ಮೇಲಿನ ಪಾರದರ್ಶಕವಾದ ಮುಚ್ಚಳವು ತೆಳುವಾದ ಹಾಳೆಯಲ್ಲಿ ಒತ್ತಿ ಬಂದಿತ್ತು. ಅದನ್ನು ಕತ್ತರಿಸಿ ಕೂಡಿಸಬೇಕು. ಕೆಡುವುದೆಂದು ಗೊತ್ತಿದ್ದುದರಿಂದಲೋ ಏನೋ ಪೆಟ್ಟಿಗೆಯಲ್ಲಿ ಎರಡನ್ನು ಇಟ್ಟಿದ್ದರು. ಕ್ಷಣದಲ್ಲಿ ಹಿಡಿಯುವ ಬಲವಾದ ಅಂಟುಗಳ ಆವಿಯು ಪಾರದರ್ಶಕವಾದ ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿಳಿಯ ಮಂಜು ಕವಿದುಕೊಳ್ಳುವುದು. ಆ ಕಾರಣ ಮರಗೆಲಸದವರು ಬಳಸುವ ಬಿಳಿಯ ಅಂಟೇ ಇದಕ್ಕೆ ಉತ್ತಮ. ಮೊದಲನೆಯ ಮುಚ್ಚಳವು ಕತ್ತರಿಸುವಾಗ ಸೀಳಿತು. ಎರಡನೆಯದನ್ನು ದಂತವೈದ್ಯರು ತಮ್ಮ ಭೂತಗನ್ನಡಿಯನ್ನು ತೊಟ್ಟು, ಹಲ್ಲಿಗೆ ಕವಚ ಕೂಡಿಸುವ ತಾಳ್ಮೆಯಿಂದ ಕೂಡಿಸಿಕೊಟ್ಟರು.

ಬಣ್ಣದ ವಿಚಾರವು ಕೂಟದ ಐಕ್ಯವನ್ನು ಅಲುಗಿಸಿತು. ಮರುತ್ತಿನ ಮೈಯ ಹಸಿರು ಯಾವ ಹಸಿರು? ಒಂದು ಛಾಯಾಚಿತ್ರದಲ್ಲಿ ಅದು ಹುಣಸೆಯ ಚಿಗುರು, ಇನ್ನೊಂದರಲ್ಲಿ ಮಾವಿನ ಹಳೆಯ ಎಲೆ. ಬಿಸಿಲು, ಹಳೆಯ ಫಿಲ್ಮು, ಅಚ್ಚಿನ ಶಾಯಿ ಇವು ಮೂರೂ ಬಣ್ಣವನ್ನು ತಿದ್ದಿರುತ್ತವೆ. ಎರಡು ಸಭೆಗಳು ಇದಕ್ಕೇ ಮುಗಿದುವು. ಕೊನೆಗೆ ಬ್ಯಾಂಕಿನ ಮಿತ್ರರು ಯುದ್ಧವಿಮಾನಗಳಿಗೆಲ್ಲ ಒಂದೇ ಡಬ್ಬಿಯ ಹಸಿರನ್ನು ಹಂಚುವುದೆಂದು ತೀರ್ಪು ಕೊಟ್ಟರು. ವಾಯುಪಡೆಯ ಚಕ್ರದ ಗುರುತುಗಳನ್ನು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವವನ್ನು, ಕಾಗದದ ಮೇಲೆ ಅಚ್ಚುಹಾಕಿ ಕಳುಹಿಸಿರುತ್ತಾರೆ. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಬೇಕು. ನಮ್ಮ ಪೆಟ್ಟಿಗೆಯವು ಹಳೆಯದಾಗಿದ್ದುದರಿಂದ ನೀರಿಗೆ ಬಿದ್ದೊಡನೆ ಹಪ್ಪಳದಂತೆ ಚೂರುಚೂರಾದುವು. ಬ್ಯಾಂಕಿನವರೇ ತಮ್ಮ ಕಿರಣಕ್ಕೆ ತಂದಿದ್ದವುಗಳಲ್ಲಿ ಉಳಿದುದನ್ನು ಕೊಟ್ಟರು. ಒಬ್ಬನೇ ಕಟ್ಟುವವನಿಗೆ ಇಂತಹ ಜಗಳವೂ ಇಲ್ಲ, ಇಂತಹ ಉಪಕಾರವೂ ಇಲ್ಲ.

ಕೈ ಸೋತು ಕುಳಿತ ರಾತ್ರಿಗಳಲ್ಲಿ ನಿಜವಾದ ಮರುತ್ತಿನ ಚರಿತ್ರೆಯನ್ನು ಓದುತ್ತಿದ್ದೆವು. ಜರ್ಮನಿಯ ಪ್ರಸಿದ್ಧ ವಿಮಾನಶಿಲ್ಪಿ ಕುರ್ಟ್ ಟ್ಯಾಂಕರು 1956ರಲ್ಲಿ ಬೆಂಗಳೂರಿಗೆ ಬಂದು ಇದನ್ನು ರೂಪಿಸತೊಡಗಿದರು. ಅವರೂ ಮೊದಲು ಮಾಡಿದುದು ಒಂದು ಮಾದರಿಯನ್ನೇ! 1959ರಲ್ಲಿ, ಎಂಜಿನ್ನಿಲ್ಲದ ಪೂರ್ಣಪ್ರಮಾಣದ ಮರದ ವಿಮಾನವೊಂದನ್ನು ಡಕೋಟಾ ವಿಮಾನವು ಆಕಾಶಕ್ಕೆ ಎಳೆದೊಯ್ದು ಬಿಡುತ್ತಿತ್ತು. ಅದು ತೇಲುತ್ತ ಇಳಿಯುತ್ತಿತ್ತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ ದಾಸರು ನಿಜವಾದ ಮರುತ್ತನ್ನು ಮೊದಲು ಹಾರಿಸಿದರು. ಶಬ್ದದ ಎರಡರಷ್ಟು ವೇಗವನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಆ ಒಡಲಿಗೆ ತಕ್ಕ ಎಂಜಿನ್ನು ಕೊನೆಯವರೆಗೂ ದೊರೆಯಲಿಲ್ಲ. ದೊರೆತ ಎರಡು ಆರ್ಫಿಯಸ್ ಎಂಜಿನ್ನುಗಳಿಂದಲೇ 147 ಮರುತ್ತುಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿದುವು. ಎಂಜಿನ್ನಿನ ಬಲವನ್ನು ಹೆಚ್ಚಿಸಿದ ಒಂದು ಮರುತ್ತನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಸುರಂಜನ ದಾಸರು ಬೆಂಗಳೂರಿನಲ್ಲಿಯೇ ಮಡಿದರು. ಅವರ ಹೆಸರಿನ ರಸ್ತೆಯು ನಮ್ಮ ನಗರದಲ್ಲಿದೆ; ಅದರಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂಬುದು ಗೊತ್ತು? ನಮ್ಮ ನೆರೆಮನೆಯವರು ಆಗ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಆ ದಿನವನ್ನು ಕುರಿತು ಅವರು ಮಾತನಾಡುವುದಿಲ್ಲ. ಇದನ್ನೆಲ್ಲ ಓದಿದ ಮೇಲೆ, ಸಂದು ಕೂಡಲಿಲ್ಲವೆಂದು ಕೆಲಸವನ್ನು ಬಿಟ್ಟೇಳಲು ಮನಸ್ಸು ಬರುತ್ತಿರಲಿಲ್ಲ.

ಪ್ರದರ್ಶನದ ದಿನ ಒಂಬತ್ತೂ ಒಂದೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ನಿಂತುವು. ಆಗ ಅಳತೆಯ ಜಗಳದ ಫಲವು ಕಣ್ಣಿಗೆ ಕಂಡಿತು. ಒಬ್ಬ ಹುಡುಗಿಯು ಬಹಳ ಹೊತ್ತು ನೋಡಿ, "ಪುಷ್ಪಕದ ರೆಕ್ಕೆ ಮರುತ್ತಿನದಕ್ಕಿಂತ ಅಗಲ ಇದೆಯಲ್ಲ ಅಜ್ಜಾ, ತಪ್ಪು ಮಾಡಿದ್ದೀರಾ?" ಎಂದು ಕೇಳಿದಳು. ತಪ್ಪಲ್ಲ. ತೊಂಬತ್ತು ಅಶ್ವಶಕ್ತಿಯ, ಇಬ್ಬರು ಕೂರುವ ಪುಷ್ಪಕದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರು, ಮರುತ್ತಿನದು 9. ಮೆಲ್ಲಗೆ ಹಾರುವುದಕ್ಕೆ ಅಗಲವಾದ ರೆಕ್ಕೆ ಬೇಕು, ವೇಗವಾಗಿ ಹಾರುವುದು ಚಿಕ್ಕದರಲ್ಲೇ ನಿಲ್ಲಬಲ್ಲುದು. ಇದನ್ನು ತಿಳಿಸಲು ನಾವು ಕರಿಹಲಗೆಯ ಮೇಲೆ ಅರ್ಧ ಗಂಟೆ ಬರೆಯಬೇಕಾಗುತ್ತಿತ್ತು. ಮೇಜು ಅದನ್ನು ಕ್ಷಣದಲ್ಲಿ ಅವಳಿಂದ ಕೇಳಿಸಿತು. ಒಬ್ಬರ ಅಳತೆ ತಪ್ಪಿದ್ದರೂ ಆ ಪ್ರಶ್ನೆಯು ಹುಟ್ಟುತ್ತಿರಲಿಲ್ಲ.

ನೆರೆಮನೆಯವರು ಹನ್ನೊಂದು ಗಂಟೆಗೆ ಇಸ್ತ್ರಿಯ ಅಂಗಿ ತೊಟ್ಟು ಬಂದರು. 'ಮುಟ್ಟಬಾರದು' ಎಂಬ ಫಲಕವನ್ನು ಓದಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ದಂತವೈದ್ಯರ ಭೂತಗನ್ನಡಿಯನ್ನು ಕೇಳಿ ಪಡೆದು, ಬಗ್ಗಿ, ರೆಕ್ಕೆಯು ಒಡಲಿಗೆ ಸೇರುವ ಕಡೆಯನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ನಾವು ಮುಟ್ಟಬಹುದೆಂದು ಹೇಳಿದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ರೆಕ್ಕೆಯನ್ನು ಒಮ್ಮೆ ಸವರಿದರು. "ಕೂತಿದೆ ಮೇಷ್ಟ್ರೇ" ಎಂದರು. ಫಿಟ್ಟರರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸೆಯಿಲ್ಲವೆಂದು ಆಮೇಲೆ ತಿಳಿಯಿತು. ಡಿಸೆಂಬರಿನಲ್ಲಿ ಅವರು ಪುಣೆಗೆ ಹೊರಟಾಗ ಮರುತ್ತು ಹತ್ತಿಯಲ್ಲಿ ಹುದುಗಿ ಅವರೊಡನೆಯೇ ಹೋಯಿತು.

ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ಒಂದೆರಡು ಮಾತುಗಳನ್ನು ಹೇಳಿ ಮುಗಿಸುವೆವು. ಇಂತಹ ಕೆಲಸವನ್ನು ಅವರಿಗೆ ಹಚ್ಚಿರಿ. ಆದರೆ ಒಬ್ಬೊಬ್ಬರಿಗೇ ಹಚ್ಚಬೇಡಿರಿ. ನಾಲ್ಕು ಮಂದಿಯನ್ನು ಕೂಡಿಸಿ, ಒಂದು ಅಳತೆಯನ್ನೂ ಒಂದು ದಿನವನ್ನೂ ಗೊತ್ತುಮಾಡಿಕೊಡಿರಿ. ಅಂಟು ಬಣ್ಣಗಳ ಆವಿಯು ಒಳ್ಳೆಯದಲ್ಲವಾದುದರಿಂದ ಕಿಟಕಿಯನ್ನು ತೆರೆದಿಡಿರಿ. ಹಳೆಯ ಟೀ ಜರಡಿಯನ್ನು ಎಸೆಯಬೇಡಿರಿ. ಮಕ್ಕಳು ಸಿಟ್ಟಿನಿಂದ ತುಂಡನ್ನು ಮೇಜಿನ ಮೇಲೆ ಎಸೆದ ರಾತ್ರಿ ಏನನ್ನೂ ಬೋಧಿಸದೆ ದೀಪವನ್ನು ಆರಿಸಿ ಮಲಗಿಸಿರಿ. ಪುಟ್ಟಿಯು ಒಣಗಲು ಹೇಗೂ ಒಂದು ರಾತ್ರಿ ಬೇಕು.